ಶಿರಾಳಕೊಪ್ಪ ದಾಟಿದ ಮೇಲೆ ಅಪೀಲಿಲ್ಲ

"ನೀನು ರೆಫ್ರಿ ಆಗೋದು ಆಗದ ಮಾತು" ಎಂದು ನನಗೆ ಮೊದಲು ಹೇಳಿದವನು ನಮ್ಮ ದೊಡ್ಡಪ್ಪ ಎಂದೇ ಮನೆಯವರೆಲ್ಲ ತಿಳಿದಿದ್ದಾರೆ. ದೊಡ್ಡಪ್ಪನೂ ಹಾಗೇ ತಿಳಿದು, ಈಗೀಗ ಅದನ್ನು ಬಂದವರ ಮುಂದೆ ಜಂಬದಿಂದ ಹೇಳಿಕೊಳ್ಳುತ್ತಾನೆ. ನಿಜಕ್ಕೂ ಅವನು ಎರಡನೆಯವನು, ಅದು ಮನೆಯವರಿಗೆ ಮರೆತೇಹೋಗಿದೆ. ಮೊದಲು ಹೇಳಿದವರು ನನಗೆ ಬ್ಯಾಸ್ಕೆಟ್‌ಬಾಲ್ ಕಲಿಸಿದ ಮೇಷ್ಟ್ರೇ.

ಶಿಕಾರಿಪುರದಲ್ಲಿ ನಾನು ಓದಿದ ಡಿಗ್ರಿ ಕಾಲೇಜಿನಲ್ಲಿ ಅವರು ದೈಹಿಕ ಶಿಕ್ಷಣದ ಮೇಷ್ಟ್ರು. ನಾವೆಲ್ಲ ಸಾರ್ ಎನ್ನುತ್ತಿದ್ದೆವು, ಬೆನ್ನ ಹಿಂದೆ ಸೀಟಿ ಸಾರ್. ಅವರ ಹೆಸರನ್ನು ನಾನಿಲ್ಲಿ ಬರೆಯುವುದಿಲ್ಲ. "ರೆಫ್ರಿ ಹೆಸರು ಯಾರಿಗೂ ಗೊತ್ತಿರಬಾರ್ದವಾ. ಹೆಸರು ಗೊತ್ತಾದ್ರ ಮನೀನೂ ಗೊತ್ತಾಗ್ತೈತಿ" ಎಂದು ಅವರೇ ಹೇಳುತ್ತಿದ್ದರು. ಹೇಳುತ್ತಿದ್ದರು ಅಷ್ಟೇ. ಅವರ ಮನೆ ಅರ್ಧ ತಾಲ್ಲೂಕಿಗೆ ಗೊತ್ತಿತ್ತು. ಸೋತ ಟೀಮಿನವರು ಬಂದರೆ ನಿಂತುಕೊಂಡು ಬೈಯುವುದು ಬೇಡ, ಕೂತು ಬೈಯಲಿ ಎಂದು ಜಗುಲಿಯ ಮೇಲೆ ಒಂದು ಬೆಂಚನ್ನೂ ಹಾಕಿಸಿದ್ದರು.

ನಾನು ಸೊರಬ ತಾಲ್ಲೂಕಿನ ಕುಪ್ಪಗಡ್ಡೆಯವಳು. ನಮ್ಮ ಮನೆಯಲ್ಲಿ ನನಗಿಂತ ಮೊದಲು ಕಾಲೇಜು ಮುಗಿಸಿದವರು ಯಾರೂ ಇಲ್ಲ. ಅಂಥ ಮನೆಯಿಂದ ಬಂದವರಿಗೆ ಒಂದು ರೋಗ ಅಂಟಿಕೊಳ್ಳುತ್ತದೆ: ಎಲ್ಲದಕ್ಕೂ ಕಾರಣ ಕೊಡುವ ರೋಗ. ಶಿಕಾರಿಪುರದ ಹಾಸ್ಟೆಲಿಗೆ ಸೇರಲು ಒಂದು ಕಾರಣ ಕೊಡಬೇಕಿತ್ತು. ಟ್ರ್ಯಾಕ್ ಪ್ಯಾಂಟ್ ಹಾಕಿದ್ದಕ್ಕೆ ಇನ್ನೊಂದು. ಭಾನುವಾರ ಊರಿಗೆ ಬಾರದಿದ್ದರೆ ಮತ್ತೊಂದು. ಕೊಟ್ಟು ಕೊಟ್ಟು, ಯಾರೂ ಕೇಳದಿದ್ದರೂ ಕಾರಣ ಹೇಳುವುದು ನನಗೆ ಅಭ್ಯಾಸವಾಗಿಬಿಟ್ಟಿತ್ತು.

ನಾನು ಗಿಡ್ಡ. ಟೀಮಿನಲ್ಲಿ ಹೆಚ್ಚು ಹೊತ್ತು ಇದ್ದದ್ದು ಪಾಯಿಂಟ್ ಬರೆಯುವ ಮೇಜಿನ ಹಿಂದೆ. ಅಲ್ಲಿ ಕೂತವರಿಗೆ ಯಾರು ಯಾರನ್ನು ತಳ್ಳಿದರು, ಯಾರು ಬೇಕೆಂದೇ ಬಿದ್ದರು ಎಂಬುದು ಆಡುವವರಿಗಿಂತ ಚೆನ್ನಾಗಿ ಕಾಣುತ್ತದೆ. ಎರಡನೇ ವರ್ಷದಲ್ಲಿ ಒಂದು ದಿನ ಧೈರ್ಯ ಮಾಡಿ, ಪ್ರಾಕ್ಟೀಸ್ ಮ್ಯಾಚನ್ನು ನಾನೇ ಆಡಿಸುತ್ತೇನೆ ಸಾರ್ ಎಂದೆ. ಸೀಟಿ ಕೊಟ್ಟರು. ಮೊದಲ ಫೌಲಿಗೇ ಆಟ ನಿಲ್ಲಿಸಿ ನಾನು ಆ ಹುಡುಗಿಗೆ ವಿವರಿಸತೊಡಗಿದೆ. "ನೋಡೇ, ನಿನ್ನ ಮೊಣಕೈ ಅವಳ ಪಕ್ಕೆಗೆ ತಾಗ್ತು. ಬೇಕಂತ ಮಾಡಿಲ್ಲ ಅಂತ ನಂಗೂ ಗೊತ್ತು. ಆದ್ರೂ ರೂಲ್ಸ್ ಏನಂದ್ರೆ..." ನನ್ನ ಭಾಷಣ ಮುಗಿಯುವಷ್ಟರಲ್ಲಿ ಎದುರು ಟೀಮಿನವರು ಬೇಸತ್ತು ನೆಲದ ಮೇಲೆ ಕೂತಿದ್ದರು.

ಸಾರ್ ಹತ್ತಿರ ಬಂದು ಸೀಟಿ ವಾಪಸ್ ಇಸಿದುಕೊಂಡರು.

"ನೀನು ರೆಫ್ರಿ ಆಗೋದು ಆಗದ ಮಾತು" ಎಂದರು.

"ಯಾಕೆ ಸಾರ್?"

"ಹಿಂಗ ಯಾಕೆ ಅಂತ ಕೇಳ್ತೀಯಲ್ಲ, ಅದಕ್ಕ."

ಆಮೇಲೆ ಸ್ವಲ್ಪ ಮೆತ್ತಗಾದರು. "ರೆಫ್ರಿಗೆ ಮೂರು ಕೆಲಸ. ಸೀಟಿ ಊದು, ಕೈ ತೋರ್ಸು, ಬಾಯಿ ಮುಚ್ಚು. ಮೊದಲಿನೆರಡು ಯಾರು ಬೇಕಾದ್ರೂ ಕಲೀತಾರ. ಮೂರನೇದು ನಿನ್ನ ಕೈಲಿ ಆಗಂಗಿಲ್ಲ."

ಆ ಭಾನುವಾರ ಊರಿಗೆ ಹೋದಾಗ ಈ ಮಾತನ್ನು ನಾನೇ ಮನೆಯಲ್ಲಿ ಹೇಳಿದೆ. ಹೇಳಬಾರದಿತ್ತು, ಆದರೆ ರೋಗವಿತ್ತಲ್ಲ. ಡಿಗ್ರಿ ಮುಗಿದ ಮೇಲೆ ಬಿ.ಪಿ.ಇಡಿ. ಓದಿ ನಾನೂ ಆಟದ ಮೇಡಂ ಆಗಬೇಕು ಎಂಬ ಆಸೆಯನ್ನೂ ಅದೇ ಉಸಿರಿಗೆ ಹೇಳಿಬಿಟ್ಟೆ. ನಮ್ಮದು ಕೂಡು ಮನೆ, ಯಜಮಾನಿಕೆ ದೊಡ್ಡಪ್ಪನದು. ಅಪ್ಪ ಅವನ ಮುಖ ನೋಡಿದ. ದೊಡ್ಡಪ್ಪ ಆಟದ ವಿರೋಧಿಯಲ್ಲ. ಅವನ ಮಗಳು ಸೊರಬದ ಕಾಲೇಜಿನ ಟೀಮಿನಲ್ಲಿ ಆಡುತ್ತಿದ್ದಳು, ಉದ್ದನೆಯ ಹುಡುಗಿ, ಅವನಿಗೆ ಅದರ ಹೆಮ್ಮೆ ಬೇರೆ. ಅವನ ತಕರಾರು ಸೀಟಿಯದು.

"ಆಡದು ಬೇರೆ. ಹೆಣ್ಣುಮಗಳು ನಾಕು ಜನರ ನಡುವೆ ನಿಂತು ಸೀಟಿ ಹೊಡ್ಯದು ಬೇರೆ. ನೀ ಮಾಡಿದ್ದು ತಪ್ಪು ಅಂತ ಗಂಡಸ್ರಿಗೆ ಬೆರಳು ತೋರ್ಸದು ಇನ್ನೂ ಬೇರೆ. ಅದೆಲ್ಲ ಆಗದ ಮಾತು ಕಣೇ."

"ಮೇಷ್ಟ್ರ ಕೆಲಸ ಅಂದ್ರೆ ಅದೂ ಇರುತ್ತೆ ದೊಡ್ಡಪ್ಪ."

"ನಿಮ್ಮ ಮೇಷ್ಟ್ರೇ ಆಗದಿಲ್ಲ ಅಂದಾರಲ್ಲ, ನೀನೇ ಹೇಳ್ದೆ ಈಗ. ಆತು, ಒಂದು ಕೆಲಸ ಮಾಡು. ಆಗ್ತದೆ ಅಂತ ಆ ಮೇಷ್ಟ್ರು ಸರ್ಟಿಫಿಕೇಟ್ ಕೊಡ್ಲಿ. ಕೊಟ್ಟ ದಿನ ನಾನೇ ಬಂದು ಫೀಸು ಕಟ್ತೀನಿ. ಇಲ್ದಿದ್ರೆ ಡಿಗ್ರಿ ಮುಗಿಸ್ಕಂಡು ಮನಿಗೆ ಬಾ."

ಕೊಡುವುದಿಲ್ಲ ಎಂಬ ಧೈರ್ಯದಿಂದಲೇ ಅವನು ಹಾಗೆ ಹೇಳಿದ್ದು. ಇಡೀ ಜಿಲ್ಲೆಯಲ್ಲಿ ನನ್ನ ಓದು ಒಬ್ಬನೇ ಮನುಷ್ಯನ ಸಹಿಯ ಮೇಲೆ ನಿಂತಿತು, ಆ ಮನುಷ್ಯ ಆಗಲೇ ಆಗುವುದಿಲ್ಲ ಎಂದಿದ್ದ.

ಆ ಮನುಷ್ಯ ಹೇಗಿದ್ದರು ಎಂದರೆ, ಹೊಟ್ಟೆ ಸ್ವಲ್ಪ ಮುಂದೆ, ತಲೆ ಬೋಳು, ಕಾಲಿಗೆ ಬಿಳೀ ಕ್ಯಾನ್ವಾಸ್ ಶೂ. ಶೂಗೆ ಬೇರೆ ಪಾಲಿಶ್ ಇಲ್ಲ. ಕೋರ್ಟಿಗೆ ಗೆರೆ ಎಳೆಯಲು ಕಲಸಿದ ಸುಣ್ಣದಲ್ಲೇ ಅದನ್ನೂ ಒಂದು ಸಲ ಬಳಿದುಬಿಡುತ್ತಿದ್ದರು. ಆ ಗೆರೆಯನ್ನು ವರ್ಷಕ್ಕೆ ಎಷ್ಟು ಸಲ ಎಳೆಯಬೇಕಿತ್ತೋ ದೇವರಿಗೇ ಗೊತ್ತು. ಸಿಮೆಂಟಿನ ಕೋರ್ಟು ಕಾಂಪೌಂಡಿನ ಅಂಚಿಗಿತ್ತು. ಸುಗ್ಗಿ ಬಂದರೆ ಪಕ್ಕದ ಹೊಲದವರು ಅಲ್ಲಿ ಮೆಕ್ಕೆಜೋಳ ಒಣಹಾಕುತ್ತಿದ್ದರು. ಸಾರ್ ಜಗಳಕ್ಕೆ ಹೋಗುತ್ತಿದ್ದರು, ಜೋಳದವರು ಚಾ ಕೊಡುತ್ತಿದ್ದರು, ಕೊನೆಗೆ ಅರ್ಧ ಕೋರ್ಟು ಜೋಳಕ್ಕೆ, ಅರ್ಧ ನಮಗೆ. ನಮ್ಮ ಕಾಲೇಜಿನ ಟೀಮು ಒಂದೇ ಬುಟ್ಟಿಯ ಕಡೆ ಚೆನ್ನಾಗಿ ಆಡುತ್ತದೆ ಎಂದು ಹೊರಗಿನವರು ನಗುತ್ತಿದ್ದುದಕ್ಕೆ ಕಾರಣ ಇದೇ.

ಅವರಿಗೆ ಹಿಂದಕ್ಕೆ ನಡೆಯುವ ಅಭ್ಯಾಸವಿತ್ತು. ರೆಫ್ರಿ ಆಟಕ್ಕೆ ಬೆನ್ನು ಕೊಡಬಾರದಂತೆ. ಪ್ರಿನ್ಸಿಪಾಲರ ಕೋಣೆಯಿಂದ ಹಿಂದಕ್ಕೆ ನಡೆದೇ ಹೊರಬರುತ್ತಿದ್ದರು. ಹೊಸದಾಗಿ ಬಂದ ಪ್ರಿನ್ಸಿಪಾಲರೊಬ್ಬರು ಇದನ್ನು ತಮ್ಮ ಮೇಲಿನ ಗೌರವ ಎಂದು ತಿಳಿದು ಬಹಳ ದಿನ ಸಂತೋಷವಾಗಿದ್ದರು. ಮದುವೆಯ ಊಟದ ಸಾಲಿನಲ್ಲಿ ಯಾರಾದರೂ ನಡುವೆ ನುಗ್ಗಿದರೆ ಸಾರ್ ಬಾಯಿ ಬಿಡುತ್ತಿರಲಿಲ್ಲ. ಎರಡೂ ಮುಷ್ಟಿ ಎತ್ತಿ ಗಿರಗಿರನೆ ತಿರುಗಿಸುತ್ತಿದ್ದರು, ಚೆಂಡು ಹಿಡಿದು ಓಡಿದವನಿಗೆ ತೋರಿಸುವ ಸನ್ನೆ. ನುಗ್ಗಿದವನಿಗೆ ತಾನೇನು ಮಾಡಿದೆ ಎಂದು ತಿಳಿಯದಿದ್ದರೂ ಹಿಂದೆ ಹೋಗುತ್ತಿದ್ದ.

ಬೆಳಗಿನ ಹೊತ್ತು ಅವರು ಕಾಲೇಜಿಗೆ ಎಲ್ಲರಿಗಿಂತ ಮುಂಚೆ ಬಂದು ಸ್ಟಾಫ್ ರೂಮಿನಲ್ಲಿ ಮೊಬೈಲನ್ನು ಹೂದಾನಿಗೆ ಒರಗಿಸಿ ಕೂರುತ್ತಿದ್ದರು. ಅಮೆರಿಕದಲ್ಲಿ ರಾತ್ರಿ ಆಡುವ ಮ್ಯಾಚು ನಮಗೆ ಬೆಳಗ್ಗೆ ಬರುತ್ತದೆ. ಸಂಬಳಕ್ಕೆ ಆಡುವವರ ಮ್ಯಾಚನ್ನೂ ನೋಡುತ್ತಿದ್ದರು, ಅಲ್ಲಿನ ಕಾಲೇಜು ಹುಡುಗರ ಮ್ಯಾಚನ್ನೂ ನೋಡುತ್ತಿದ್ದರು. ಆದರೆ ಆಟ ನೋಡುತ್ತಿರಲಿಲ್ಲ. ಎಷ್ಟು ಪಾಯಿಂಟು ಸಾರ್ ಎಂದರೆ ಗೊತ್ತಿಲ್ಲ ಎನ್ನುತ್ತಿದ್ದರು. ನೋಡುತ್ತಿದ್ದುದು ರೆಫ್ರಿಗಳನ್ನು.

ಅವರ ಎದುರು ಕುರ್ಚಿಯಲ್ಲಿ ರಾಜ್ಯಶಾಸ್ತ್ರದ ಲೆಕ್ಚರರು ಕೂರುತ್ತಿದ್ದರು. ಇಬ್ಬರಿಗೂ ಇದು ವರ್ಷಗಟ್ಟಲೆಯ ವಾದ. ಹಾಜರಿ ಪುಸ್ತಕ ತರಲು ಹೋದ ನಾವು ಬಾಗಿಲಲ್ಲಿ ನಿಂತು ಕೇಳುತ್ತಿದ್ದೆವು.

"ಸಂಬಳದ ರೆಫ್ರಿಗಳೇ ಮೇಲು ಕಣ್ರೀ. ಅವರಿಗೆ ಅದೇ ಉದ್ಯೋಗ. ಮೂರು ಜನ ಇರ್ತಾರೆ. ಅನುಮಾನ ಬಂದ್ರೆ ಟಿವಿಯಲ್ಲಿ ಹಿಂದಕ್ಕೆ ತಿರುಗಿಸಿ ನೋಡ್ತಾರೆ" ಎನ್ನುತ್ತಿದ್ದರು ಲೆಕ್ಚರರು.

"ಹೌದ್ರೀ, ನೋಡ್ತಾರ. ನಾನು ಹಿಂದಕ್ಕೆ ತಿರುಗಿ ನೋಡಿದ್ರ ಕಲ್ಲು ಬರ್ತಾವ."

"ಅದಕ್ಕೇ ಹೇಳಿದ್ದು, ಅವರು ಮೇಲು ಅಂತ."

"ಇಲ್ಲಿ ನೋಡ್ರಿ ಒಂದು ಸಲ. ಈ ದೊಡ್ಡ ಆಟಗಾರ ಚೆಂಡು ಹಿಡ್ಕಂಡು ಎಷ್ಟು ಹೆಜ್ಜಿ ಹಾಕಿದ? ಸೀಟಿ ಬಂತಾ? ಇಲ್ಲ. ಮದುವಿಗೆ ಎಂಎಲ್ಎ ಬಂದ್ರ ಪಂಕ್ತಿ ಬಿಟ್ಟು ಬಡಿಸ್ತಾರಲ್ಲ, ಇದೂ ಹಂಗ. ಇದೇ ಕೆಲಸ ಕಾಲೇಜು ಹುಡುಗ ಮಾಡಿದ್ದಿದ್ರ ಊದಿರೋರು."

"ಕಾಲೇಜು ರೆಫ್ರಿಗಳೇನು ಸಾಚಾನಾ? ಯಾರ ಊರಲ್ಲಿ ಆಟವೋ ಅವರ ಕಡೆ ಊದ್ತಾರೆ."

ಇದಕ್ಕೆ ಸಾರ್ ಒಪ್ಪುತ್ತಿದ್ದರು. "ಸಂಬಳದ ರೆಫ್ರಿ ಕೆಡೋದು ದೊಡ್ಡ ಆಟಗಾರನಿಂದ. ಕಾಲೇಜು ರೆಫ್ರಿ ಕೆಡೋದು ಊಟದಿಂದ" ಎನ್ನುತ್ತಿದ್ದರು. ಟೂರ್ನಮೆಂಟ್ ನಡೆಸುವ ಕಾಲೇಜಿನವರು ಫೈನಲಿಗೆ ಮುಂಚೆ ರೆಫ್ರಿಗಳಿಗೆ ಕೇಸರಿಬಾತು, ಹೋಳಿಗೆ ಎಂದು ಬಡಿಸುವುದು ನಮ್ಮ ಕಡೆಯ ವಾಡಿಕೆ. ಸಾರ್ ಎಲ್ಲಿಗೆ ಹೋದರೂ ರೊಟ್ಟಿ, ಶೇಂಗಾ ಚಟ್ನಿಪುಡಿಯ ಬುತ್ತಿ ಕಟ್ಟಿಕೊಂಡೇ ಹೋಗುತ್ತಿದ್ದರು. ಆಟ ಮುಗಿದು ತೀರ್ಪೆಲ್ಲ ಆದ ಮೇಲೆ, "ಈಗ ತರ್ರಿ ಹೋಳಿಗಿ" ಎಂದು ಕೂರುತ್ತಿದ್ದರು. ಸೋತದ್ದು ಅದೇ ಕಾಲೇಜಾದರೆ ಹೋಳಿಗೆ ಖಾಲಿಯಾಗಿದೆ ಎಂಬ ಉತ್ತರ ಬರುತ್ತಿತ್ತು. ಹೋಳಿಗೆ ಸಿಕ್ಕ ದಿನ ತಾವು ಸರಿಯಾಗಿ ಊದಿದೆವೋ ಇಲ್ಲವೋ ಎಂದು ಅವರಿಗೆ ಅನುಮಾನವಾಗುತ್ತಿತ್ತು.

ಒಂದು ಬೆಳಗ್ಗೆ ಮೊಬೈಲಿನಲ್ಲಿ ಅಲ್ಲಿನ ಕಾಲೇಜು ಮ್ಯಾಚಿನ ರೆಫ್ರಿಯೊಬ್ಬ ಕಂಡ. ಬೋಳು ತಲೆ, ಮುಂದೆ ಬಂದ ಹೊಟ್ಟೆ, ಬೆವರು, ಎರಡೂ ಕಡೆಯಿಂದ ಜನರ ಬೈಗುಳ. ಅಲ್ಲಿಯೂ ಕಾಲೇಜು ಮ್ಯಾಚು ಆಡಿಸುವವರಲ್ಲಿ ಬಹಳ ಮಂದಿ ಹಗಲು ಬೇರೆ ಕೆಲಸ ಮಾಡಿಕೊಂಡು ಸಂಜೆ ಬಂದು ಸೀಟಿ ಊದುತ್ತಾರೆ ಎಂದು ಸಾರ್ ಎಲ್ಲೋ ತಿಳಿದುಕೊಂಡಿದ್ದರು. ಮೊಬೈಲನ್ನು ಹತ್ತಿರಕ್ಕೆ ಎಳೆದುಕೊಂಡು, "ಇವ ನಮ್ಮವ" ಎಂದರು. ಅಷ್ಟು ಪ್ರೀತಿಯಿಂದ ಅವರು ಸಹೋದ್ಯೋಗಿಗಳ ಬಗ್ಗೆ ಮಾತಾಡಿದ್ದನ್ನು ನಾನು ಕೇಳಿಲ್ಲ.

ಲೆಕ್ಚರರ ಮುಂದೆ ಸೋಲು ಒಪ್ಪದಿದ್ದರೂ ನಮ್ಮ ಮುಂದೆ ಒಮ್ಮೆ ಒಪ್ಪಿದ್ದರು. "ಊದೋದ್ರಾಗ ಸಂಬಳದೋರೇ ಮೇಲು, ಸುಳ್ಳು ಯಾಕೆ ಹೇಳ್ಲಿ. ಅವರ ತಪ್ಪು ಕಮ್ಮಿ, ನಮ್ಮ ತಪ್ಪು ಜಾಸ್ತಿ. ಆದ್ರ ಅವರು ತಪ್ಪು ಮಾಡಿ ವಿಮಾನ ಹತ್ತುತಾರ. ನಾನು ತಪ್ಪು ಮಾಡಿ ಸೋತೋರ ಬಸ್ಸು ಹತ್ತಬೇಕು."

ಇದು ಬರೀ ಮಾತಲ್ಲ. ಸೊರಬದಲ್ಲಿ ಮ್ಯಾಚು ಆಡಿಸಿದರೆ ಶಿಕಾರಿಪುರಕ್ಕೆ ಬರುವ ಬಸ್ಸು ಒಂದೇ, ಅದರಲ್ಲಿ ಸೋತ ಹುಡುಗರೂ ಇರುತ್ತಿದ್ದರು. ಸಾರ್ ತಪ್ಪಿಸಿಕೊಂಡು ಮುಂದಿನ ಸೀಟಿಗೆ ಹೋಗುತ್ತಿರಲಿಲ್ಲ. ಹುಡುಕಿಕೊಂಡು ಹೋಗಿ ಸೋತ ಕ್ಯಾಪ್ಟನ್ ಪಕ್ಕದಲ್ಲೇ ಕೂರುತ್ತಿದ್ದರು. "ಹೂಂ, ಶುರು ಮಾಡು" ಎನ್ನುತ್ತಿದ್ದರು. ಶಿರಾಳಕೊಪ್ಪ ಬರುವ ತನಕ ಹುಡುಗರು ಬೈಯಬಹುದು, ಅಳಬಹುದು, ಲೆಕ್ಕ ಕೇಳಬಹುದು. ಇವರು ಕೇಳಿಸಿಕೊಳ್ಳುವರು, ಉತ್ತರ ಕೊಡರು. ಶಿರಾಳಕೊಪ್ಪದಲ್ಲಿ ಬಸ್ಸು ನಿಂತಾಗ ಎಲ್ಲರನ್ನೂ ಇಳಿಸಿ ಚಾ ಕುಡಿಸುವರು. ಚಾ ಕುಡಿದು ಬಸ್ಸು ಹತ್ತಿದ ಮೇಲೆ ಮ್ಯಾಚಿನ ಸುದ್ದಿ ಎತ್ತುವಂತಿಲ್ಲ. ಎತ್ತಿದರೆ, "ಶಿರಾಳಕೊಪ್ಪ ದಾಟಿದ ಮ್ಯಾಲ ಅಪೀಲಿಲ್ಲ" ಎಂದು ಕಿಟಕಿಯ ಕಡೆ ತಿರುಗುವರು. ಎರಡು ತಾಲ್ಲೂಕಿನ ಹುಡುಗರೂ ಈ ಕಾನೂನನ್ನು ಪಾಲಿಸುತ್ತಿದ್ದರು.

ಆ ಬಸ್ಸಿನಲ್ಲೇ ಅವರು ನನಗೆ ಹೇಳಿದ ಒಂದು ಮಾತಿದೆ. "ಜನ ನಿನ್ನ ಊರು, ನಿನ್ನ ಮನೆ, ನೀ ಹೆಣ್ಣು ಅಂತ ಬೈದ್ರ, ನೀ ಇನ್ನೂ ರೆಫ್ರಿ ಆಗಿಲ್ಲ ಅಂತ ತಿಳ್ಕ. ನೀ ಊದಿದ್ದು ತಪ್ಪು ಅಂತ ಬೈದ್ರ, ಆಗೀಯ."

ಅವರಿಗೆ ಇನ್ನೊಂದು ಪದ್ಧತಿ ಇತ್ತು, ನಂಟು ಹೇಳುವುದು. ನಮ್ಮ ಎರಡು ತಾಲ್ಲೂಕಿನಲ್ಲಿ ಯಾವ ಟೀಮು ತೆಗೆದರೂ ಅದರಲ್ಲಿ ಒಬ್ಬ ಅಳಿಯನೋ, ಸೋದರತ್ತೆಯ ಮೊಮ್ಮಗನೋ ಇರುತ್ತಾನೆ. "ಅಮೆರಿಕದ ಸಂಬಳದ ರೆಫ್ರಿಗೆ ಆಟಗಾರನ ಅವ್ವ ಯಾರು ಅಂತ ಗೊತ್ತಿರಲ್ಲ. ನಂಗೆ ಆಕಿ ಬೆಳಿಗ್ಗೆ ಏನು ತಿಂಡಿ ಮಾಡಿದ್ಲು ಅನ್ನೋದೂ ಗೊತ್ತಿರತೈತಿ. ನಂಟಿಲ್ಲದ ರೆಫ್ರಿ ಬೇಕಂದ್ರ ಅಲ್ಲಿಂದಲೇ ತರಿಸಬೇಕು." ಅದಕ್ಕೇ ಆಟಕ್ಕೆ ಮುಂಚೆ ಇಬ್ಬರು ಕ್ಯಾಪ್ಟನ್‌ಗಳನ್ನೂ ಕೋರ್ಟಿನ ನಡುವೆ ಕರೆದು, ಎರಡೂ ಟೀಮಿನಲ್ಲಿ ರೆಫ್ರಿಗಳಿಗೆ ಯಾರು ಏನಾಗಬೇಕು ಎಂದು ಜೋರಾಗಿ ಹೇಳಿ, ತಕರಾರಿದೆಯಾ ಎಂದು ಕೇಳುತ್ತಿದ್ದರು. ಹೇಳಿಬಿಟ್ಟರೆ ಹೊಟ್ಟೆಯಲ್ಲಿ ಉಳಿಯುವುದಿಲ್ಲ ಎಂಬುದು ಅವರ ನಂಬಿಕೆ.

ಒಂದು ಸಲ ಮಾತ್ರ ಇದರಲ್ಲಿ ಎಡವಟ್ಟಾಯಿತು. ಆಟ ಅರ್ಧಕ್ಕೆ ಬಂದ ಮೇಲೆ, ಚೆಂಡು ಹಿಡಿದವನು ತಮ್ಮ ಹೆಂಡತಿಯ ಚಿಕ್ಕಪ್ಪನ ಮೊಮ್ಮಗ ಎಂದು ನೆನಪಾಯಿತು. ತಕ್ಷಣ ಸೀಟಿ ಊದಿ ಆಟ ನಿಲ್ಲಿಸಿ, ಮೈಕ್ ಇಸಿದುಕೊಂಡು ಇಡೀ ಮೈದಾನಕ್ಕೆ ಆ ನಂಟು ಹೇಳಿದರು. ಅವರು ಮರೆತದ್ದು ಇನ್ನೊಂದಿತ್ತು. ಹೆಂಡತಿಯ ತವರು, ಆ ಚಿಕ್ಕಪ್ಪನ ಮನೆ ಎರಡೂ ಯಾವ ಕಾಲದಲ್ಲೋ ಜಗಳವಾಡಿ, ನಮಗೂ ನಿಮಗೂ ನಂಟೇ ಇಲ್ಲ ಎಂದು ಬೇರೆಯಾಗಿದ್ದವು. ಮೈಕಿನಲ್ಲಿ ಹೇಳಿದ ಮೇಲೆ ಇಲ್ಲ ಎನ್ನುವುದು ಹೇಗೆ? ಆ ವರ್ಷ ಚಿಕ್ಕಪ್ಪನ ಮನೆಯ ಮದುವೆಗೆ ಇವರಿಗೆ ಕರೆಯೋಲೆ ಬಂತು. ಸಾರ್ ಹೆಂಡತಿ ನಮಗೆ ಈ ಕತೆ ಹೇಳಿ, "ಇವರು ಊದಿದ್ರಾಗ ಸರಿಯಾಗಿದ್ದು ಅದೊಂದೇ" ಎನ್ನುತ್ತಿದ್ದರು.

ನಾನು ಬಿಡಲಿಲ್ಲ. ದೊಡ್ಡಪ್ಪನ ಷರತ್ತು ಹೇಳಿ, ಬಾಯಿ ಮುಚ್ಚುವ ಆ ಮೂರನೆಯ ಕೆಲಸವನ್ನೂ ಕಲಿಸಿ ಸಾರ್ ಎಂದು ದಿನಾ ಅವರ ಹಿಂದೆ ಬಿದ್ದೆ. ಕೊನೆಗೆ ಅವರು ಒಂದು ಹಳೇ ಸೀಟಿ ಕೊಟ್ಟು, ಎಚ್ಚರವಿದ್ದಷ್ಟು ಹೊತ್ತೂ ಇದನ್ನು ಬಾಯಲ್ಲಿ ಇಟ್ಟುಕೊಂಡಿರು ಎಂದರು. ಊದಬಾರದು, ಸುಮ್ಮನೆ ಕಚ್ಚಿಕೊಂಡಿರಬೇಕು. ಬಾಯಲ್ಲಿ ಸೀಟಿ ಇದ್ದರೆ ಮಾತಾಡಲು ಅದನ್ನು ತೆಗೆಯಬೇಕು, ತೆಗೆಯುವಷ್ಟರಲ್ಲಿ ಈ ಮಾತು ಬೇಕೋ ಬೇಡವೋ ಎಂದು ಗೊತ್ತಾಗುತ್ತದಂತೆ. ಹಾಸ್ಟೆಲಿನಲ್ಲಿ ನನ್ನ ಪಾಡು ಕೇಳಬೇಡಿ. "ಏನೇ, ಮುದ್ದೆಗೂ ಫೌಲ್ ಕೊಡ್ತೀಯಾ?" ಎಂದು ಗೆಳತಿಯರು ಕಾಡುತ್ತಿದ್ದರು. ಉತ್ತರ ನಾಲಗೆಯ ತುದಿಗೆ ಬಂದು ಸೀಟಿಗೆ ತಾಗಿ ವಾಪಸ್ ಹೋಗುತ್ತಿತ್ತು. ಊರಿಗೆ ಹೋದಾಗ ದೊಡ್ಡಪ್ಪ, "ಹಾಸ್ಟೆಲಿಗೆ ಕಳಿಸಿ ಹುಡುಗಿ ಮೂಕಿ ಆತಲ್ಲೋ" ಎಂದು ಅಪ್ಪನನ್ನು ಬೈದ.

ಕೊನೆಯ ವರ್ಷ ಜಿಲ್ಲೆಯ ಸಂಘದವರು ರೆಫ್ರಿ ಪರೀಕ್ಷೆ ಇಟ್ಟರು. ಬರೆಯುವ ಪರೀಕ್ಷೆ ಸುಲಭ, ಕಾರಣ ಬರೆಯುವುದು ತಾನೇ. ಆಡಿಸುವ ಪರೀಕ್ಷೆ ಸೊರಬದಲ್ಲಿ, ಕಾಲೇಜುಗಳ ಟೂರ್ನಮೆಂಟಿನಲ್ಲಿ. ಶಿವಮೊಗ್ಗದಿಂದ ಬಂದ ಪರೀಕ್ಷಕರು ಮೇಜಿನ ಹತ್ತಿರ ಕೂತರು. ಜೋಡಿ ರೆಫ್ರಿಯಾಗಿ ಸಾರ್. ಸರ್ಟಿಫಿಕೇಟಿಗೆ ಇಬ್ಬರ ಸಹಿಯೂ ಬೇಕು. ಸಾರ್‌ಗೆ ಅದು ನಿವೃತ್ತಿಗೆ ಮುಂಚಿನ ಕೊನೆಯ ಟೂರ್ನಮೆಂಟು. ನನಗೆ ಸಿಕ್ಕಿದ್ದು ಹುಡುಗಿಯರ ಫೈನಲ್, ಸೊರಬಕ್ಕೂ ಶಿಕಾರಿಪುರಕ್ಕೂ.

ಸಾರ್ ಕ್ಯಾಪ್ಟನ್‌ಗಳನ್ನು ನಡುವೆ ಕರೆದರು. "ಈ ಕಡೆ ಟೀಮಿನ ಉದ್ದ ಹುಡುಗಿ ಈ ರೆಫ್ರಿಯ ದೊಡ್ಡಪ್ಪನ ಮಗಳು, ಒಂದೇ ಮನ್ಯಾಗ ಉಣ್ಣೋರು. ಆ ಕಡೆದು ಈಕಿದೇ ಕಾಲೇಜು, ನಂದೂ ಅದೇ. ತಕರಾರು ಐತಾ?"

"ಎರಡೂ ಕಡೆ ಸಮ ಆತಲ್ಲ ಸಾರ್" ಎಂದು ಸೊರಬದ ಕ್ಯಾಪ್ಟನ್ ನಕ್ಕಳು. ಮುಂದಿನ ಸಾಲಿನಲ್ಲಿ ದೊಡ್ಡಪ್ಪ, ಮಗಳ ಆಟ ನೋಡಲು ಬಂದವನು, ಶಾಲು ಹೆಗಲಿಗೆ ಎಸೆದುಕೊಂಡು ಕೂತಿದ್ದ.

ಆಟ ಶುರುವಾದಾಗ ಜನ ನನಗೆ ಹೇಳಬೇಕಾದ್ದೆಲ್ಲ ಹೇಳಿದರು. ಮನೆಗೆ ಹೋಗು, ಮುದ್ದೆ ತಿರುವು, ಸೀಟಿ ಇಟ್ಟು ಪೊರಕೆ ಹಿಡಿ. ನಾನಿನ್ನೂ ರೆಫ್ರಿ ಆಗಿಲ್ಲ ಎಂದು ತಿಳಿದುಕೊಂಡೆ. ದೊಡ್ಡಪ್ಪ ಏನೂ ಹೇಳುತ್ತಿರಲಿಲ್ಲ. ನಾನು ಊದಿದಾಗಲೆಲ್ಲ ತಲೆ ತಗ್ಗಿಸಿ ಚಪ್ಪಲಿ ನೋಡಿಕೊಳ್ಳುತ್ತಿದ್ದ.

ಕೊನೆಯ ಗಳಿಗೆಗೆ ಸೊರಬ ಒಂದು ಪಾಯಿಂಟು ಹಿಂದೆ. ಚೆಂಡು ನನ್ನ ತಂಗಿಯ ಕೈಗೆ, ಅಂದರೆ ದೊಡ್ಡಪ್ಪನ ಮಗಳ ಕೈಗೆ ಬಂತು. ಅವಳು ಬುಟ್ಟಿಯ ಕಡೆ ನುಗ್ಗಿದಳು. ದಾರಿಯಲ್ಲಿ ನಮ್ಮ ಕಾಲೇಜಿನ ಗುಂಡಗಿನ ಹುಡುಗಿ ನಿಂತಿದ್ದಳು. ಎದೆಗೆ ಎದೆ ಗುದ್ದಿತು, ನಿಂತಿದ್ದವಳು ಅಂಗಾತ ಬಿದ್ದಳು, ಚೆಂಡು ಬುಟ್ಟಿಗೆ ಬಿತ್ತು. ಸೊರಬದವರು 'ಹೋ' ಎಂದು ಎದ್ದರು. ನಿಂತವಳು ಮೊದಲೇ ಕಾಲೂರಿ ನಿಂತಿದ್ದರೆ ತಪ್ಪು ನುಗ್ಗಿದವಳದು, ಪಾಯಿಂಟಿಲ್ಲ. ಆ ಗಳಿಗೆಯಲ್ಲಿ ಕಾಲು ಸರಿಸಿದ್ದರೆ ತಪ್ಪು ನಿಂತವಳದು, ಪಾಯಿಂಟುಂಟು, ಸೊರಬಕ್ಕೆ ಕಪ್ಪೂ ಉಂಟು. ಈ ಆಟದಲ್ಲಿ ಇದಕ್ಕಿಂತ ಕಷ್ಟದ ತೀರ್ಪಿಲ್ಲ. ಸಂಬಳದ ರೆಫ್ರಿಗಳೇ ಟಿವಿ ನೋಡಲು ಓಡುವುದು ಇಂಥದಕ್ಕೆ.

ಸಾರ್ ಕೆನ್ನೆ ಉಬ್ಬಿದ್ದು ಕಂಡಿತು. ಆದರೆ ಅದು ನಾನು ನಿಂತ ಕಡೆ, ನನ್ನ ಜಾಗ. ಅವರ ಕೆನ್ನೆ ನಿಧಾನವಾಗಿ ಇಳಿಯಿತು.

ನಾನು ಊದಿದೆ. ಮುಷ್ಟಿಯನ್ನು ಅಂಗೈಗೆ ಗುದ್ದಿ ತಂಗಿಯ ಕಡೆ ತೋರಿಸಿದೆ. ತಪ್ಪು ನುಗ್ಗಿದವಳದು. ಪಾಯಿಂಟಿಲ್ಲ.

"ಅಕ್ಕಾ" ಎಂದಳು ಅವಳು. ಅಷ್ಟೇ. ಅವಳ ಕಣ್ಣು ತುಂಬಿತ್ತು. ನನ್ನ ಬಾಯಿಯ ತುಂಬ ಕಾರಣಗಳಿದ್ದವು. ಒಂದೊಂದೂ ಬಂದು ಸೀಟಿಗೆ ತಾಗಿ ವಾಪಸ್ ಹೋಯಿತು.

ಆಗ ಮುಂದಿನ ಸಾಲಿನಿಂದ ದೊಡ್ಡಪ್ಪ ಎದ್ದ. ಶಾಲು ಜಾರಿ ಬಿದ್ದದ್ದೂ ತಿಳಿಯದೆ ಗೆರೆಯ ತನಕ ಬಂದ. "ಕಾಲು ಸರಿಸಿದ್ಲು ಅವ್ಳು. ಆ ಗುಂಡಮ್ಮ. ಕಾಲು ನೋಡ್ಬೇಕಿತ್ತು ಕಣೇ, ಕಾಲು" ಎಂದು ತನ್ನ ಕಾಲನ್ನೇ ಸರಿಸಿ ತೋರಿಸಿದ. ಸಾರ್ ಅವನನ್ನೇ ನೋಡುತ್ತಾ, ಯಾಕೋ, ನಗುತ್ತಿದ್ದರು.

ಆಟ ಮುಗಿದ ಮೇಲೆ ಸೊರಬದ ಹುಡುಗರು ಮೊಬೈಲ್ ಹಿಡಿದು ಓಡಿಬಂದರು. "ಸಾರ್, ವಿಡಿಯೋ ಐತೆ, ನಿಧಾನ ಮಾಡಿ ನೋಡ್ರಿ." ಸಾರ್ ಮೊಬೈಲಿನ ಕಡೆ ಕಣ್ಣೂ ಹಾಯಿಸಲಿಲ್ಲ. "ಅದನ್ನ ಸಂಬಳದ ರೆಫ್ರಿಗೆ ತೋರ್ಸ್ರಪ್ಪಾ. ಇದು ಕಾಲೇಜು" ಎಂದು ಬುತ್ತಿಯ ಚೀಲ ಎತ್ತಿಕೊಂಡರು. ನಾನು ಮೆಲ್ಲಗೆ, ನೀವಾಗಿದ್ದರೆ ಏನು ಕೊಡುತ್ತಿದ್ದಿರಿ ಸಾರ್ ಎಂದೆ. "ಅದು ನಿನ್ನ ಜಾಗ ಆಗಿತ್ತು" ಎಂದರು. ಆಮೇಲೆ, "ನಾನು ಇವತ್ತು ಗೆದ್ದೋರ ಬಸ್ಸಿಗೆ ಹೋಗ್ತೀನಿ. ಸೋತೋರ ಬಸ್ಸು ನಿಂದು" ಎಂದು ಹಿಂದಕ್ಕೆ ನಡೆಯುತ್ತಾ ಹೋದರು.

ಸೋತವರ ಬಸ್ಸು ಎಂದರೆ ಕುಪ್ಪಗಡ್ಡೆಯ ಬಸ್ಸು. ನಾನು ನಡುವೆ, ಒಂದು ಕಡೆ ತಂಗಿ, ಇನ್ನೊಂದು ಕಡೆ ದೊಡ್ಡಪ್ಪ. "ಹೂಂ, ಶುರು ಮಾಡು ದೊಡ್ಡಪ್ಪ" ಎಂದೆ. ಶುರು ಮಾಡಿದ. ಊರು ಬಂತು, ಅವನು ಮುಗಿಸಲಿಲ್ಲ. ಸಾರ್ ಕಾನೂನು ಹೇಳಿದೆ. "ನಮ್ಮ ದಾರಿಯಾಗೆ ಶಿರಾಳಕೊಪ್ಪ ಎಲ್ಲೈತೆ?" ಎಂದ.

ನಿಜ, ಇರಲಿಲ್ಲ. ಅದಾದ ಮೇಲೆ ಎಷ್ಟೋ ದಿನ ನಮ್ಮ ಮನೆಯಲ್ಲಿ ಅದೇ ಮಾತು. ದೊಡ್ಡಪ್ಪ ಆ ವಿಡಿಯೋವನ್ನು ಹುಡುಗರ ಕೈಯಿಂದ ತನ್ನ ಮೊಬೈಲಿಗೆ ಹಾಕಿಸಿಕೊಂಡ. ಚಾ ಲೋಟ ತನ್ನ ಮಗಳು, ನೀರಿನ ಚೊಂಬು ಆ ಗುಂಡಗಿನ ಹುಡುಗಿ, ಇಬ್ಬರನ್ನೂ ಜಗುಲಿಯ ಮೇಲೆ ಓಡಾಡಿಸಿ ಹಾಲು ಹಾಕಲು ಬಂದವರಿಗೆಲ್ಲ ತೋರಿಸಿದ. ತಂಗಿ ಎರಡೇ ದಿನಕ್ಕೆ ಬಿಟ್ಟು, "ಅಪ್ಪಾ, ಸಾಕು. ಅಕ್ಕ ಕೊಟ್ಟಾಯ್ತು" ಎಂದಳು. ಅವನು ಕೇಳಬೇಕಲ್ಲ. ಆ ಕಾಲು ಸರಿದಿತ್ತೋ ಇಲ್ಲವೋ ಎಂದು ಇಲ್ಲಿ ವಿವರಿಸಲು ನನಗೂ ಬಹಳ ಮನಸ್ಸಾಗುತ್ತಿದೆ. ವಿವರಿಸುವುದಿಲ್ಲ.

ಸಾರ್ ಈಗಿಲ್ಲ. ಕಳೆದ ವರ್ಷ ತೀರಿಕೊಂಡರು. ಕಾಲೇಜಿನಲ್ಲಿ ಶ್ರದ್ಧಾಂಜಲಿ ಸಭೆ ಇಟ್ಟಿದ್ದರು. ಮಾತಾಡಲು ಎದ್ದ ಹಳೇ ಆಟಗಾರರೊಬ್ಬರು ಎರಡು ಒಳ್ಳೆಯ ಮಾತು ಹೇಳಿ, ಮೂರನೆಯದಕ್ಕೆ ತಾವು ಓದುತ್ತಿದ್ದಾಗ ಸಾರ್ ಕೊಟ್ಟ ಒಂದು ಫೌಲಿನ ತಕರಾರು ತೆಗೆದರು. ಅವರ ಹಿಂದೆ ಇನ್ನೊಬ್ಬರು. ಆಮೇಲೆ ಮತ್ತೊಬ್ಬರು. ರಾಜ್ಯಶಾಸ್ತ್ರದ ಲೆಕ್ಚರರು ಕರವಸ್ತ್ರ ಕಣ್ಣಿಗೆ ಒತ್ತಿಕೊಂಡು, ಏನೇ ಆಗಲಿ ಸಂಬಳದ ರೆಫ್ರಿಗಳೇ ಮೇಲು ಎಂದರು. ಸಾರ್ ಹೆಂಡತಿ ಸೆರಗಿನಲ್ಲಿ ಮುಖ ಒರೆಸಿಕೊಳ್ಳುತ್ತಲೇ ನಕ್ಕರು. ಯಾರೂ ಅವರ ಊರು, ಮನೆ ಎತ್ತಲಿಲ್ಲ. ಎಲ್ಲರೂ ಅವರು ಊದಿದ್ದನ್ನೇ ಹಿಡಿದು ಜಗಳವಾಡಿದರು.

ಅದೇ ಸಭಾಂಗಣದಲ್ಲಿ, ಅದೇ ಕುರ್ಚಿಗಳ ನಡುವೆ, ಅವರ ನಿವೃತ್ತಿಯ ದಿನ ನನ್ನ ಸರ್ಟಿಫಿಕೇಟು ನನ್ನ ಕೈಗೆ ಬಂದಿತ್ತು. ಶಾಲು, ಹಣ್ಣಿನ ಬುಟ್ಟಿ ಎಲ್ಲ ಆದ ಮೇಲೆ ಸಾರ್ ಜೇಬಿನಿಂದ ಕನ್ನಡಕ ತೆಗೆದು, ಇನ್ನೊಂದು ಕೆಲಸ ಬಾಕಿ ಐತಿ ಎಂದು ನನ್ನನ್ನು ಮೇಲೆ ಕರೆದರು. ಕೊಟ್ಟರು. ಕೆಳಗೆ ಎರಡು ಸಹಿ, ಒಂದು ಪರೀಕ್ಷಕರದು, ಒಂದು ಅವರದು. ನಾನು ಥ್ಯಾಂಕ್ಸ್ ಹೇಳಲು ಬಾಯಿ ತೆರೆದೆ. ಅವರು ತುಟಿಯ ಮೇಲೆ ಬೆರಳಿಟ್ಟರು.

ವೇದಿಕೆಯಿಂದ ಹಿಂದುಹಿಂದಕ್ಕೇ ಇಳಿದು, ತಾವೇ ಕರೆಸಿ ಮುಂದಿನ ಸಾಲಿನಲ್ಲಿ ಕೂರಿಸಿದ್ದ ದೊಡ್ಡಪ್ಪನ ಹತ್ತಿರ ಹೋಗಿ ತಿರುಗಿದರು. "ಯಜಮಾನ್ರ, ನೀವು ಹೇಳಿ ಕಳಿಸಿದ್ರಂತಲ್ಲ, ಬರ್ಕೊಟ್ಟೀನಿ ನೋಡ್ರಿ. ಇನ್ನ ಫೀಸಿಂದು ನಿಮ್ಮ ಜವಾಬ್ದಾರಿ."

ದೊಡ್ಡಪ್ಪ ನನ್ನ ಕೈಯಿಂದ ಸರ್ಟಿಫಿಕೇಟು ಇಸಿದುಕೊಂಡು, ಅಕ್ಷರದ ಮೇಲೆ ಬೆರಳಾಡಿಸುತ್ತಾ ಕೊನೆಯ ತನಕ ಓದಿದ. ಸಹಿಯ ಹತ್ತಿರ ಬೆರಳು ನಿಂತಿತು.

"ಫೀಸು ಕಟ್ತೀನಿ, ಕೊಟ್ಟ ಮಾತು ಐತೆ. ಆದ್ರೆ ಮೇಷ್ಟ್ರೇ, ಆವತ್ತಿನ ಆಟದ್ದು ಒಂದು ಮಾತು."

"ಶಿರಾಳಕೊಪ್ಪ ದಾಟಿ ಬಂದೀರಿ ಯಜಮಾನ್ರ. ಅಪೀಲಿಲ್ಲ."

"ದಾಟಿದ್ದು ಹೌದು. ಬಸ್ಸಿಂದ ಇಳೀಲಿಲ್ಲ. ಚಾನೂ ಕುಡೀಲಿಲ್ಲ."

ಸಾರ್ ಕೊರಳಿನ ಸೀಟಿಯನ್ನು ಎತ್ತಿ ತಮ್ಮ ಬಾಯಲ್ಲಿ ಇಟ್ಟುಕೊಂಡು, ಹೇಳಿ ಎಂಬಂತೆ ಕೈ ಮಾಡಿದರು.

ದೊಡ್ಡಪ್ಪ ಸರ್ಟಿಫಿಕೇಟನ್ನು ಮಡಿಕೆಯಾಗದಂತೆ ಎರಡೂ ಕೈಯಲ್ಲಿ ಹಿಡಿದು ನನಗೆ ವಾಪಸ್ ಕೊಟ್ಟ.

"ತಗ, ಜೋಪಾನ ಮಾಡು. ನಾಳೆನೇ ಹೋಗಿ ಸೇರ್ಕ. ಆದ್ರೆ ಅದು ಫೌಲ್ ಅಲ್ಲ."